ಬೇರಿಗೆ ಬಾಯಿ ಹಾಕೋ ಕಳೆ: ಮಳೆ ಕೈಕೊಟ್ಟಿದ್ದಕ್ಕಾ, ಅಕ್ಕಡಿ ಸಾಲು ಬಿಟ್ಟಿದ್ದಕ್ಕಾ?

ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಇವತ್ತು ಕಳೆ ಬಗ್ಗೆ ಮಾತಾಡೋಣ. ಕಳೆ ಅಂದ ತಕ್ಷಣ ನಮಗೆ ನೆನಪಾಗೋದು ಪಾರ್ಥೇನಿಯಂ, ಗರಿಕೆ, ಜೇಕು. ಇವು ಬೆಳೆ ಜೊತೆ ಪೈಪೋಟಿಗೆ ನಿಲ್ತವೆ. ಅದೇ ಮಣ್ಣು, ಅದೇ ನೀರು, ಅದೇ ಬಿಸಿಲು, ಯಾರು ಮೊದಲು ಎಳ್ಕೊಳ್ತಾರೋ ಅವರದ್ದು. ಆದರೆ ಕಳೆಗಳಲ್ಲಿ ಇನ್ನೊಂದು ಜಾತಿ ಇದೆ. ಅದಕ್ಕೆ ಪೈಪೋಟಿಯ ಗೊಡವೆಯೇ ಇಲ್ಲ. ಸೀದಾ ಬೆಳೆಯ ಬೇರಿಗೋ, ಕಾಂಡಕ್ಕೋ, ಕೊಂಬೆಗೋ ಬಾಯಿ ಹಾಕಿ, ಒಳಗಿಂದಲೇ ನೀರು, ಸಾರ ಎರಡನ್ನೂ ಹೀರುತ್ತೆ. ಇದನ್ನೇ ಪರಾವಲಂಬಿ ಕಳೆ ಅನ್ನೋದು.

ನಮ್ಮ ರಾಜ್ಯದಲ್ಲಿ ಇದರ ಬೇರೆ ಬೇರೆ ರೂಪಗಳು ಸಿಗ್ತವೆ. ಹೊಗೆಸೊಪ್ಪಿನ ಬುಡದಲ್ಲಿ ಎಲೆಯೇ ಇಲ್ಲದೆ ಕೋಲಿನ ಹಾಗೆ ಎದ್ದು ನಿಲ್ಲೋ ಒರೊಬ್ಯಾಂಕಿ ಇದೆ, ನಿಪ್ಪಾಣಿ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಕುದುರೆಮಸಾಲೆ, ಹುಚ್ಚೆಳ್ಳಿನ ಮೇಲೆ ಹಳದಿ ದಾರ ಸುತ್ತಿದ ಹಾಗೆ ಹಬ್ಬೋ ಕಸ್ಕ್ಯೂಟಾ ಇದೆ. ಮಾವು, ಹೊಂಗೆ ಮರದ ಮೇಲೆ ಕೂರೋ ಬಂದಳಿಕೆ ಇದೆ, ಬದನಿಕೆ ಅಂತಲೂ ಕರೀತಾರೆ. ಇನ್ನು ಜೋಳ, ಮೆಕ್ಕೆಜೋಳ, ಕಬ್ಬು, ರಾಗಿಯ ಬೇರಿಗೆ ಕಚ್ಚೋ ಸ್ಟ್ರೈಗಾ. ಇಂಗ್ಲಿಷಿನವರು ಅದಕ್ಕೆ ಮಾಟಗಾತಿ ಕಳೆ ಅಂತ ಹೆಸರಿಟ್ಟಿದ್ದಾರೆ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ. ನಾನು ಇವತ್ತು ಹೆಚ್ಚು ಹೊತ್ತು ನಿಲ್ಲೋದು ಸ್ಟ್ರೈಗಾ ಹತ್ತಿರ, ಆಮೇಲೆ ಸ್ವಲ್ಪ ಬಂದಳಿಕೆ ಹತ್ತಿರ.

ಉತ್ತರ ಕರ್ನಾಟಕದಲ್ಲಿ ಸ್ಟ್ರೈಗಾ ಹಳೆಯ ಕಥೆ. ಜೋಳದ ಹೊಲಗಳಲ್ಲಿ ಮೊದಲಿಂದಲೂ ಇದೆ, ಈಚೆಗೆ ಕಬ್ಬಿಗೂ ಬಂದು ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅದರ ಹಿಂದೆ ಬಿದ್ದಿದ್ದಾರೆ. ಹಾಗಾದರೆ ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯ ರೈತರಿಗೆ, ಮಧುಗಿರಿ, ಕೊರಟಗೆರೆ, ಪಾವಗಡದವರಿಗೆ ಈ ಮಾತು ಯಾಕೆ ಬೇಕು? ಈ ಕಳೆಗೆ ಎಂಥ ನೆಲ ಇಷ್ಟ ಅಂತ ಒಂದು ಪಟ್ಟಿ ಬರೆದರೆ, ಅದು ಹೆಚ್ಚುಕಮ್ಮಿ ನಮ್ಮ ಹೊಲದ ವರ್ಣನೆಯಂತೆಯೇ ಇರುತ್ತೆ, ಅದಕ್ಕೇ. ಕೆಂಪು ಮರಳು ಮಿಶ್ರಿತ ಮಣ್ಣು, ಸಾವಯವ ಅಂಶ ಕಡಿಮೆ, ಸಾರಜನಕ ಕಡಿಮೆ, ಮಳೆ ಕಡಿಮೆ, ಬಂದರೂ ಹೊತ್ತು ಗೊತ್ತಿಲ್ಲದೆ ಬರೋ ಮಳೆ. ಅದರ ಮೇಲೆ, ಹಿಂದೆ ಇಲ್ಲದಷ್ಟು ಮೆಕ್ಕೆಜೋಳ.

ಬೀಜ ಕಾಯುತ್ತೆ

ಮೊದಲು ಇದು ಹೇಗೆ ಕೆಲಸ ಮಾಡುತ್ತೆ ನೋಡೋಣ. ಇದು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಸ್ಟ್ರೈಗಾ ಬೀಜ ಅಂದರೆ ಧೂಳು. ಒಂದು ಬೀಜ ಮಿಲಿಮೀಟರಿನ ಕಾಲು ಭಾಗದಷ್ಟಿರುತ್ತೆ. ಒಂದೇ ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತೆ, ಅವು ಮಣ್ಣಿನಲ್ಲಿ 10 ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡ್ಕೊಂಡು ಕೂರ್ತವೆ. ಇಷ್ಟು ಸಣ್ಣ ಬೀಜದೊಳಗೆ ಬುತ್ತಿ ಅಂತ ಏನೂ ಇರಲ್ಲ. ಮೊಳೆತು ಕೆಲವು ದಿನದೊಳಗೆ ಬೇರು ಸಿಗಲಿಲ್ಲ ಅಂದರೆ ಸಾಯುತ್ತೆ. ಹಾಗಾಗಿ ಮಳೆ ಬಿತ್ತು ಅಂತ ಅದು ಸುಮ್ಮನೆ ಮೊಳೆಯಲ್ಲ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಒಂದೆರಡು ವಾರ ನೆನೆದು ತಯಾರಾಗುತ್ತೆ. ಆಮೇಲೆ ಪಕ್ಕದಲ್ಲಿ ಬೇರು ಇದೆ ಅನ್ನೋ ಸುಳಿವು ಸಿಗೋವರೆಗೂ ಕಾಯುತ್ತೆ.

ಆ ಸುಳಿವು ಒಂದು ರಾಸಾಯನಿಕ. ಬೆಳೆಯ ಬೇರಿನಿಂದಲೇ ಸ್ರವಿಸೋದು. 1966ರಲ್ಲಿ ವಿಜ್ಞಾನಿಗಳು ಮೊದಲ ಸಲ ಇದನ್ನು ಬೇರ್ಪಡಿಸಿ ಸ್ಟ್ರೈಗಾಲ್ ಅಂತ ಹೆಸರಿಟ್ಟರು. ತಮಾಷೆ ಏನಪ್ಪಾ ಅಂದ್ರೆ, ಅದು ಸಿಕ್ಕಿದ್ದು ಹತ್ತಿಯ ಬೇರಿನಲ್ಲಿ. ಹತ್ತಿಗೆ ಸ್ಟ್ರೈಗಾ ಕಚ್ಚೋದೇ ಇಲ್ಲ! ಈ ವಿಚಿತ್ರವನ್ನು ನೆನಪಿಟ್ಕೊಳ್ಳಿ, ನಮ್ಮ ಅಕ್ಕಡಿ ಸಾಲಿನ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಗಿಡ ತನ್ನ ಶತ್ರುವನ್ನು ತಾನೇ ಯಾಕೆ ಕರೆಯುತ್ತೆ? ಸುಮಾರು 40 ವರ್ಷ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. 2005ರಲ್ಲಿ ಜಪಾನಿನ ಸಂಶೋಧಕರು ಕಂಡುಕೊಂಡರು: ಗಿಡ ಕರೆಯುತ್ತಿರೋದು ಸ್ಟ್ರೈಗಾವನ್ನಲ್ಲ. ಮಣ್ಣಿನಲ್ಲಿ ಮೈಕೋರೈಝಾ ಅನ್ನೋ ಶಿಲೀಂಧ್ರಗಳಿವೆ, ಬೇರಿಗೆ ರಂಜಕ ತಂದುಕೊಡೋ ಗೆಳೆಯರು. ಕರೆ ಅವರಿಗೆ. ಸ್ಟ್ರೈಗಾ ಮಾಡಿದ್ದು ಇಷ್ಟೇ, ಬೇರೆಯವರಿಗೆ ಕಳಿಸಿದ ಪತ್ರವನ್ನು ಒಡೆದು ಓದೋದು ಕಲಿತುಕೊಂಡಿದ್ದು.

ಹೊಲಕ್ಕೆ ಸಂಬಂಧಪಟ್ಟ ಮಾತು ಇಲ್ಲಿದೆ. ಮಣ್ಣಿನಲ್ಲಿ ರಂಜಕ, ಸಾರಜನಕ ಕಡಿಮೆ ಆದಾಗ ಗಿಡ ಈ ಕರೆಯನ್ನು ಜೋರು ಮಾಡುತ್ತೆ. ಹಸಿದ ಗಿಡ ಹೆಚ್ಚು ಕೂಗುತ್ತೆ. ಕೂಗು ಜೋರಾದಷ್ಟೂ ಹೆಚ್ಚು ಬೀಜ ಏಳ್ತವೆ. ಬಡ ಮಣ್ಣಿನಲ್ಲೇ ಈ ಕಳೆ ಯಾಕೆ ಹೆಚ್ಚು ಅನ್ನೋದಕ್ಕೆ ಒಂದು ದೊಡ್ಡ ಕಾರಣ ಇದು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ಬೀಜ ಮೊಳೆತು ಬೇರಿಗೆ ತಾಗಿದ ಮೇಲೆ ಹೀರುಬೇರು ಒಳಗೆ ಇಳಿಯುತ್ತೆ. ಮುಂದಿನ ನಾಲ್ಕಾರು ವಾರ ಎಲ್ಲವೂ ಮಣ್ಣಿನ ಕೆಳಗೇ ನಡೆಯುತ್ತೆ, ನಮಗೇನೂ ಕಾಣಲ್ಲ. ಮೇಲೆ ಮೆಕ್ಕೆಜೋಳ ಮಾತ್ರ ಕುಗ್ಗುತ್ತೆ, ಎಲೆ ಸುರುಟುತ್ತೆ, ಹಳದಿ ತಿರುಗುತ್ತೆ. ಮಣ್ಣಿನಲ್ಲಿ ಹಸಿ ಇದ್ದರೂ ಬಾಡಿದ ಹಾಗಿರುತ್ತೆ. ನಿಜವಾದ ಪೆಟ್ಟು ಬೀಳೋದು ಕಳೆ ಮಣ್ಣಿಂದ ಹೊರಗೆ ತಲೆ ಹಾಕೋದಕ್ಕೆ ಮುಂಚೆಯೇ. ಮಾಟ ಮಾಡಿಸಿದ ಹಾಗೆ ಬೆಳೆ ಒಣಗುತ್ತಲ್ಲ, ಆ ಹೆಸರು ಬಂದಿದ್ದು ಅದಕ್ಕೆ. ಆಮೇಲೆ ಒಂದು ದಿನ ಸಾಲಿನ ಬುಡದಲ್ಲಿ ಗೇಣುದ್ದದ ಹಸಿರು ಗಿಡ, ಅದರಲ್ಲಿ ಪುಟ್ಟ ಬಿಳಿ ಹೂವು. ನೋಡಿದರೆ ಚಂದ ಬೇರೆ.

ಮಳೆಯ ಪಾತ್ರ ಎಷ್ಟು

ಮಳೆ ಕಡಿಮೆ ಆದರೆ ಕಳೆಯೂ ಸಾಯಬೇಕಲ್ವಾ ಅನ್ನಿಸಬಹುದು. ಇದು ಉಲ್ಟಾ. ಬಿಸಿಲು ಏರಿ ನೀರು ಸಾಲದೆ ಹೋದಾಗ ಮೆಕ್ಕೆಜೋಳವಾಗಲಿ, ಜೋಳವಾಗಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತೆ. ಸ್ಟ್ರೈಗಾ ಮುಚ್ಚಲ್ಲ. ಬರದಲ್ಲೂ ಎಲೆಯಿಂದ ನೀರು ಆವಿಯಾಗೋದಕ್ಕೆ ಬಿಟ್ಟೇ ಇರುತ್ತೆ. ಹಾಗೆ ಬಿಟ್ಟರೇ ಬೆಳೆಯ ಬೇರಿಂದ ನೀರು ತನ್ನ ಕಡೆ ಹರಿಯೋದು. ಟ್ಯಾಂಕಿಗೆ ನೀರು ಬರೋದು ನಿಂತಾಗಲೂ ಕೆಳಗಡೆ ನಲ್ಲಿ ತೆರೆದಿಟ್ಟ ಹಾಗೆ. ಹಾಗಾಗಿ ಅದೇ ಪ್ರಮಾಣದ ಕಳೆ ಮಳೆ ಚೆನ್ನಾಗಿರೋ ವರ್ಷ ಮಾಡೋ ನಷ್ಟಕ್ಕಿಂತ ಬರದ ವರ್ಷ ಮಾಡೋ ನಷ್ಟ ಜಾಸ್ತಿ.

ಮಳೆಯ ಇನ್ನೊಂದು ಗುಣ ಇದೆ. ಬೀಜ ಮೊಳೆಯೋದಕ್ಕೆ 30ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಹಿತ. ಮಣ್ಣು ಬಹಳ ದಿನ ತೊಯ್ದೇ ಇದ್ದರೆ ಮಾತ್ರ ಬೀಜ ಮತ್ತೆ ನಿದ್ದೆಗೆ ಜಾರುತ್ತೆ. ಅಂದರೆ ಜಡಿಮಳೆ ಅದಕ್ಕೆ ಆಗಿಬರಲ್ಲ. ಒಂದು ಹದ ಮಳೆ, ಆಮೇಲೆ ಬಿಸಿಲು, ಮತ್ತೆ ಒಂದು ಸಣ್ಣ ಮಳೆ, ಮತ್ತೆ ಮೋಡ ಕಟ್ಟಿ ಹೋಗೋದು: ಇದು ಅದಕ್ಕೆ ಹೇಳಿ ಮಾಡಿಸಿದ ವಾತಾವರಣ. ನಮ್ಮ ಕಡೆಯವರಿಗೆ ಈ ವರ್ಣನೆ ಎಲ್ಲೋ ಕೇಳಿದ ಹಾಗಿರಬೇಕು. ಮಳೆಗಾಲದಲ್ಲಿ ಮಳೆ ಬೀಳೋ ದಿನಗಳು ಕಡಿಮೆಯಾಗಿ, ಬಿದ್ದಾಗ ಒಂದೇ ಸಲ ಸುರಿಯೋದು ಹೆಚ್ಚಾದರೆ ಇನ್ನೂ ಒಂದು ತೊಂದರೆ. ರಭಸದ ಮಳೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತೆ. ಸಾರವೂ ಹೋಯ್ತು, ಜೊತೆಗೆ ಧೂಳಿನಂಥ ಬೀಜವೂ ಕೆಳಗಿನ ಹೊಲಕ್ಕೆ ಹೋಯ್ತು. ಮೇಲಿನವನ ಹೊಲ ಬಡವಾಗುತ್ತೆ, ಕೆಳಗಿನವನಿಗೆ ಕಳೆ ಸಿಗುತ್ತೆ.

ಆದರೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟೋದು ಸುಲಭ ಅಂತ ನನಗೆ ಅನುಮಾನ. ಬರ ನಮಗೆ ಹೊಸದಲ್ಲ. ಪಾವಗಡ, ಶಿರಾ ಎಂದಿನಿಂದಲೂ ಬರದ ಸೀಮೆ. ಬದಲಾಗಿರೋದು ಹೊಲದಲ್ಲಿ ಏನಿದೆ ಅನ್ನೋದು.

ಅಕ್ಕಡಿ ಹೋದದ್ದು

ಹಿಂದೆ ರಾಗಿ ಹೊಲ ಅಂದರೆ ಬರೀ ರಾಗಿ ಅಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು, ಅಂಚಿಗೆ ಒಂದಿಷ್ಟು ಜೋಳ, ಸಾಸಿವೆ. ಈಗ ಹತ್ತಿ ಬೇರಿನ ಮಾತು ನೆನಪು ಮಾಡ್ಕೊಳ್ಳಿ. ಕೆಲವು ಬೆಳೆಗಳ ಬೇರು ಸ್ಟ್ರೈಗಾ ಬೀಜವನ್ನು ಎಬ್ಬಿಸುತ್ತೆ, ಆದರೆ ಕಚ್ಚೋದಕ್ಕೆ ಬಿಡಲ್ಲ. ಬೀಜ ಮೊಳೆಯುತ್ತೆ, ಬಾಯಿ ಹಾಕೋಕೆ ಬೇರು ಸಿಗಲ್ಲ, ಸಾಯುತ್ತೆ. ವಿಜ್ಞಾನಿಗಳು ಇದಕ್ಕೆ ಆತ್ಮಹತ್ಯಾ ಮೊಳಕೆ ಅಂತಾರೆ, ಅಂಥ ಬೆಳೆಗೆ ಬಲೆ ಬೆಳೆ ಅಂತಾರೆ. ಹತ್ತಿ, ಅಲಸಂದೆ, ಸೋಯಾ, ಕಡಲೆಕಾಯಿ ಇವೆಲ್ಲ ಆ ಪಟ್ಟಿಯಲ್ಲಿ ಬರ್ತವೆ. ದ್ವಿದಳ ಧಾನ್ಯಗಳು ಮಣ್ಣಿಗೆ ಸಾರಜನಕವನ್ನೂ ಸೇರಿಸ್ತವೆ, ನೆಲಕ್ಕೆ ನೆರಳು ಕೊಟ್ಟು ಮಣ್ಣು ತಂಪಾಗಿಡ್ತವೆ. ಕಳೆಗೆ ಮೂರು ಕಡೆಯಿಂದ ಪೆಟ್ಟು.

ನಮ್ಮ ಹಿರೀಕರು ಸ್ಟ್ರೈಗಾಗೆ ಅಂತ ಅಕ್ಕಡಿ ಹಾಕ್ತಿರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಅವರಿಗೆ ಬೇಕಿದ್ದದ್ದು ಸಾರಿಗೆ ಕಾಳು, ದೀಪಕ್ಕೆ ಹರಳೆಣ್ಣೆ, ಒಂದು ಕೈಕೊಟ್ಟರೆ ಇನ್ನೊಂದು ಕೈಗೆ ಸಿಗಲಿ ಅನ್ನೋ ಭದ್ರತೆ. ಹಳೆಯದೆಲ್ಲ ವಿಜ್ಞಾನ ಅಂತ ಕುಣಿಯೋ ಅಭ್ಯಾಸ ನನಗಿಲ್ಲ. ಆದರೆ ಉದ್ದೇಶ ಏನೇ ಇರಲಿ, ಆ ಬೆರಕೆ ಮಾಡ್ತಿದ್ದ ಕೆಲಸ ನಿಂತುಹೋಯ್ತು ಅನ್ನೋದು ನಿಜ.

ಯಾಕೆ ನಿಂತಿತು? ಒಂದು ಸರಪಳಿ ಇದೆ ನೋಡಿ. ಊರಿನ ಹುಡುಗರು ಬೆಂಗಳೂರಿಗೆ ಹೋದರು. ಕಳೆ ಕೀಳೋಕೆ ಆಳು ಸಿಗಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸಲ್ಲ. ಮಳೆ ನಂಬಿದ ಕಡಲೆಕಾಯಿ ಸಾಲು ಸಾಲು ವರ್ಷ ಕೈಕೊಟ್ಟಿತು. ಮೆಕ್ಕೆಜೋಳಕ್ಕೆ ಕೋಳಿ ಆಹಾರದ ಕಾರ್ಖಾನೆಗಳಿಂದ ಬೇಡಿಕೆ ಬಂತು, ಕಟಾವು ಸುಲಭ, ಮಾರಾಟ ಸುಲಭ. ಮೆಕ್ಕೆಜೋಳಕ್ಕೆ ಬಿತ್ತಿದ ಕೂಡಲೇ ಅಟ್ರಾಜಿನ್, ಆಮೇಲೆ ಬೇಕಾದರೆ 2,4-ಡಿ ಹೊಡೆದರೆ ಅಗಲ ಎಲೆಯ ಕಳೆ ಸಾಯುತ್ತೆ. ಆದರೆ ಅವರೆ, ತೊಗರಿ, ಅಲಸಂದೆ ಕೂಡ ಅಗಲ ಎಲೆಯವೇ! ಆ ಔಷಧಿ ಹೊಡೆಯೋ ಹೊಲದಲ್ಲಿ ಅಕ್ಕಡಿ ಸಾಲು ಬದುಕಲ್ಲ. ಕೂಲಿ ಸಮಸ್ಯೆಗೆ ಕಳೆನಾಶಕ ಬಂತು, ಕಳೆನಾಶಕಕ್ಕೆ ಅಕ್ಕಡಿ ಹೋಯ್ತು, ಅಕ್ಕಡಿ ಜೊತೆ ಬಲೆ ಬೆಳೆಯೂ ಹೋಯ್ತು, ಮಣ್ಣಿನ ಸಾರಜನಕವೂ ಹೋಯ್ತು. ಕಡಲೆಕಾಯಿ ಇದ್ದ ಜಾಗಕ್ಕೆ ಮೆಕ್ಕೆಜೋಳ ಬಂದಾಗ ಆಗಿದ್ದೂ ಅದೇ: ಬೀಜ ಕೊಲ್ಲೋ ಬೆಳೆ ಹೋಗಿ ಬೀಜ ಸಾಕೋ ಬೆಳೆ ಬಂತು. ಯಾರೋ ಒಬ್ಬರು ಮಾಡಿದ ತಪ್ಪು ಅಲ್ಲ ಇದು. ಪ್ರತಿ ಹೆಜ್ಜೆಗೂ ರೈತನ ಹತ್ತಿರ ಒಳ್ಳೆಯ ಕಾರಣ ಇತ್ತು.

ಹೊಲ ಬೀಳು ಬಿಟ್ಟರೆ ಕಳೆ ತಾನಾಗೇ ಸಾಯುತ್ತಾ? ಅದನ್ನೂ ನಂಬೋ ಹಾಗಿಲ್ಲ. ಬೀಳು ಹೊಲದಲ್ಲಿ ಬರೋ ಕೆಲವು ಹುಲ್ಲುಗಳೂ ಸ್ಟ್ರೈಗಾಗೆ ಆಸರೆ ಕೊಡ್ತವೆ. ಬೆಳೆ ಇಲ್ಲದಿದ್ದರೂ ವಂಶ ನಡೀತಾನೇ ಇರುತ್ತೆ.

ಇನ್ನು ಕುರಿ ಮಂದೆ. ನಮ್ಮ ಸೀಮೆಯಲ್ಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸೋದು ಹಳೆಯ ಪದ್ಧತಿ. ಕಳೆ ಮೇಯ್ದ ದನ, ಕುರಿಯ ಹೊಟ್ಟೆಯಿಂದ ಸ್ಟ್ರೈಗಾ ಬೀಜ ಜೀವಂತ ಹೊರಬರಬಹುದು, ಅದು ಸರಿ. ಹಾಗಂತ ಮಂದೆ ಬೇಡ ಅನ್ನೋದು ನನ್ನ ಮಟ್ಟಿಗೆ ಮೂರ್ಖತನ. ಮಣ್ಣಿಗೆ ಹಿಕ್ಕೆ ಕೊಡೋ ಸಾರದಿಂದ ಆಗೋ ಲಾಭ ದೊಡ್ಡದು. ಕಳೆ ಬಿದ್ದ ಹೊಲದ ಸಪ್ಪೆ ಮೇಯಿಸಿದ ಗೊಬ್ಬರವನ್ನು ತಿಪ್ಪೆಯಲ್ಲಿ ಚೆನ್ನಾಗಿ ಕಾಯಿಸಿ, ಕಳಿಸಿ ಹಾಕಿದರೆ ಆ ಬಿಸಿಗೆ ಬೀಜ ಸಾಯುತ್ತೆ.

ಬೇರೆ ದೇಶದವರು ಏನು ಮಾಡಿದರು ಅಂತ ಸ್ವಲ್ಪ ನೋಡೋಣ. 1956ರಲ್ಲಿ ಅಮೆರಿಕದ ಕೆರೊಲಿನಾ ರಾಜ್ಯಗಳ ಮೆಕ್ಕೆಜೋಳದ ಹೊಲಗಳಲ್ಲಿ ಸ್ಟ್ರೈಗಾ ಪತ್ತೆಯಾಯ್ತು. ಅದನ್ನು ಗುರುತು ಹಿಡಿದದ್ದು ಭಾರತದಿಂದ ಓದೋಕೆ ಹೋಗಿದ್ದ ಒಬ್ಬ ವಿದ್ಯಾರ್ಥಿ ಅಂತ ಅಲ್ಲಿ ಹೇಳ್ತಾರೆ. ಅಲ್ಲಿನ ಸರ್ಕಾರ ದಿಗ್ಬಂಧನ ಹಾಕಿತು, ಹೊಲದಿಂದ ಹೊರಬರೋ ಯಂತ್ರಗಳನ್ನು ತೊಳೆಸಿತು, ಮಣ್ಣಿನೊಳಕ್ಕೆ ಎಥಿಲೀನ್ ಅನಿಲ ಬಿಟ್ಟು ಬೀಜಗಳನ್ನು ಸುಳ್ಳು ಸುಳ್ಳೇ ಎಬ್ಬಿಸಿ ಕೊಂದಿತು. ಬಾಳೆ, ಮಾವು ಹಣ್ಣು ಮಾಡೋ ಅದೇ ಎಥಿಲೀನ್! 4 ಲಕ್ಷ ಎಕರೆಗೂ ಹೆಚ್ಚು ನೆಲದಲ್ಲಿದ್ದ ಕಳೆ ಕೆಲವು ಸಾವಿರ ಎಕರೆಗೆ ಇಳಿಯಿತು. ಅದಕ್ಕೆ ಹತ್ತಾರು ವರ್ಷ, ಕೋಟ್ಯಂತರ ಡಾಲರ್ ಬೇಕಾಯ್ತು. ಆ ದುಡ್ಡು ನಮ್ಮ ಎರಡು ಎಕರೆ ರೈತನ ಹತ್ತಿರ ಇಲ್ಲ, ಬಿಡಿ.

ಹತ್ತಿರವಾಗೋದು ಕೀನ್ಯಾದ ದಾರಿ. ಅಲ್ಲಿನ ಕೀಟ ವಿಜ್ಞಾನ ಸಂಸ್ಥೆ ಇಸಿಪೆ, ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನೋ ದ್ವಿದಳ ಮೇವಿನ ಬೆಳೆ ಹಾಕಿಸಿತು. ಮೊದಲು ಹಾಕಿದ್ದು ಕಾಂಡಕೊರಕ ಹುಳು ಓಡಿಸೋಕೆ. ನೋಡಿದರೆ ಸ್ಟ್ರೈಗಾನೂ ಮಾಯ! ಅದರ ಬೇರಿನ ಸ್ರಾವ ಕಳೆಯನ್ನು ಎಬ್ಬಿಸಿ, ಕಚ್ಚದ ಹಾಗೆ ತಡೆಯುತ್ತೆ ಅಂತ ಆಮೇಲೆ ಗೊತ್ತಾಯ್ತು. ಹಸುವಿಗೆ ಮೇವೂ ಸಿಕ್ಕಿತು. ಇಥಿಯೋಪಿಯಾ ಮೂಲದ ಗೆಬಿಸಾ ಎಜೆಟಾ ಅವರು ಕೂಗೋದನ್ನೇ ಕಡಿಮೆ ಮಾಡಿದ ಜೋಳದ ತಳಿಗಳನ್ನು ಬೆಳೆಸಿದರು, 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು.

ನಮ್ಮ ಹತ್ತಿರದಲ್ಲೇ, ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ 2011ರಲ್ಲಿ ಶುರುವಾದ ನಿಕ್ರಾ ಯೋಜನೆಯಡಿ ಹವಾಮಾನಕ್ಕೆ ಹೊಂದಿಕೊಳ್ಳೋ ಬೇಸಾಯ ಮಾಡಿಸಿದೆ. ಅಲ್ಲಿ ಗುರಿ ಬರ, ಪರಾವಲಂಬಿ ಕಳೆಯಲ್ಲ. ಆದರೆ ಮಣ್ಣಿನಲ್ಲಿ ನೀರು ನಿಲ್ಲಿಸೋದು, ರಾಗಿ ಜೊತೆ ತೊಗರಿ ಸಾಲು ಹಾಕೋದು ಇವೆಲ್ಲ ಈ ಕಳೆಗೂ ಎದುರು ನಿಲ್ಲೋ ಕೆಲಸಗಳೇ.

ಮರದ ಮೇಲಿನ ಬಂದಳಿಕೆ

ನೆಲದಿಂದ ಮೇಲಕ್ಕೆ ನೋಡಿದರೆ ಬಂದಳಿಕೆ. ಬೇಸಿಗೆಯಲ್ಲಿ ಎಲೆ ಉದುರಿದ ಮರದಲ್ಲಿ ಒಂದು ಕೊಂಬೆ ಮಾತ್ರ ಹಸಿರು ಗೊಂಚಲು ಹೊತ್ತಿದ್ದರೆ ಅದು ಬಹುಪಾಲು ಅದೇ. ಇದನ್ನು ಹರಡೋದು ಬದನಿಕೆ ಹಕ್ಕಿ, ಹೆಬ್ಬೆರಳಿನಷ್ಟು ಗಾತ್ರದ ಹಕ್ಕಿ. ಗಿಡದ ಹೆಸರೇ ಹಕ್ಕಿಗೂ ಬಂದಿದೆ, ಕನ್ನಡದವರ ಕಣ್ಣು ಎಷ್ಟು ಚುರುಕು ನೋಡಿ. ಹಣ್ಣು ತಿಂದ ಹಕ್ಕಿಗೆ ಅಂಟಂಟು ಬೀಜ ಸುಲಭಕ್ಕೆ ಬಿಡಲ್ಲ, ಕೊಂಬೆಗೆ ಒರೆಸುತ್ತೆ, ಬೀಜ ಅಲ್ಲೇ ಅಂಟಿ ಮೊಳೆಯುತ್ತೆ. ಬದುವಿನ ಒಂಟಿ ಮರ, ತೋಟದ ಅಂಚಿನ ಮರ, ಬಿಸಿಲು ಧಾರಾಳವಾಗಿ ಬೀಳೋ ಮರ ಇದಕ್ಕೆ ಪ್ರೀತಿ. ಕಾಡು, ಗುಂಡುತೋಪು ಕಡಿದು ಚದುರಿದ ಮರಗಳನ್ನಷ್ಟೇ ಉಳಿಸಿದಾಗ ಇದಕ್ಕೆ ಅನುಕೂಲ ಆಗುತ್ತೆ. ಬರದಲ್ಲಿ ನೀರು ಬಿಡೋ ಚಾಳಿ ಇದಕ್ಕೂ ಸ್ಟ್ರೈಗಾದ ಹಾಗೇ ಇದೆ.

ನೆಲದ ಬಳಕೆ ಬದಲಾದಾಗ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ ಬಹಳ ಗಟ್ಟಿ ಉದಾಹರಣೆ ಇರೋದು ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಸೋಲಿಗರು ವರ್ಷದ ಆರಂಭದಲ್ಲಿ ಒಣ ತರಗೆಲೆಗೆ ಸಣ್ಣ ಬೆಂಕಿ ಹಾಕ್ತಿದ್ದರು, ತರಗು ಬೆಂಕಿ ಅಂತ. 1974ರಲ್ಲಿ ಆ ಕಾಡು ವನ್ಯಧಾಮ ಆಯ್ತು, ಬೆಂಕಿಗೆ ನಿಷೇಧ ಬಂತು. ಆಮೇಲೆ ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಿತು, ಸೋಲಿಗರು ಅದಕ್ಕೆ ಉಪ್ಪಿಲು ಅಂತಾರೆ. ನೆಲ್ಲಿಕಾಯಿ ಸೋಲಿಗರ ಆದಾಯ, ಮರ ಒಣಗಿದರೆ ಊಟಕ್ಕೇ ಸಂಚಕಾರ. ಕಾಯಿ ಅತಿಯಾಗಿ ಕೊಯ್ದಿದ್ದರಿಂದ ನೆಲ್ಲಿ ಕಡಿಮೆ ಆಯ್ತು ಅನ್ನೋ ವಾದ ಇತ್ತು. ಸೋಲಿಗರು ಹೇಳಿದ್ದು ಬೇರೆ: ಬೆಂಕಿ ನಿಲ್ಲಿಸಿದಿರಿ, ಉಪ್ಪಿಲು ಉಳಿಯಿತು, ಲಂಟಾನ ಬೆಳೆಯಿತು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿತು. ಇದನ್ನು ಕೇಳಿ ಯಾರೂ ಮಧುಗಿರಿ ಬೆಟ್ಟಕ್ಕೆ ಬೆಂಕಿ ಹಾಕೋಕೆ ಹೋಗಬೇಡಿ! ಲಂಟಾನ ತುಂಬಿದ ಕಡೆ ಈಗ ಬೀಳೋ ಬೆಂಕಿ ತರಗು ಬೆಂಕಿ ಅಲ್ಲ, ಮರದ ತಲೆಗೇ ಏರೋ ಬೆಂಕಿ.

ಪರಾವಲಂಬಿ ಅಂದರೆ ಎಲ್ಲ ಶತ್ರು ಅಂದ್ಕೋಬೇಡಿ. ನಮ್ಮ ಶ್ರೀಗಂಧವೂ ಪರಾವಲಂಬಿಯೇ, ಅಕ್ಕಪಕ್ಕದ ಗಿಡದ ಬೇರಿಂದ ಹೀರುತ್ತೆ. ನರ್ಸರಿಯಲ್ಲಿ ಅದರ ಚೀಲದಲ್ಲೇ ತೊಗರಿ ಗಿಡ ಇಟ್ಟು ಬೆಳೆಸ್ತಾರೆ.

ಕೊನೆಗೆ ಹೊಲದಲ್ಲಿ ಏನು ಮಾಡೋದು ಅನ್ನೋದು. ಮೆಕ್ಕೆಜೋಳ ಅಲ್ಲಲ್ಲಿ ಗುಂಪಾಗಿ ಕುಗ್ಗಿದ್ದರೆ, ಪಕ್ಕದ ಗಿಡ ಚೆನ್ನಾಗಿದ್ದು ಇದೊಂದೇ ಬಾಡಿದ್ದರೆ, ಮಳೆಯನ್ನು ಬೈಯೋದಕ್ಕೆ ಮುಂಚೆ ಬುಡ ಕೆದಕಿ ಬೇರು ನೋಡಿ. ಬೇರಿಗೆ ಬಿಳಿ ಎಳೆ ಅಂಟಿದ್ದರೆ, ಬುಡದಲ್ಲಿ ಬಿಳಿ ಹೂವಿನ ಗಿಡ ಇದ್ದರೆ, ಹೂವು ಕಾಯಾಗೋ ಮುಂಚೆ ಕಿತ್ತು ಸುಟ್ಟುಬಿಡಿ. ಈ ವರ್ಷದ ಬೆಳೆ ಅದರಿಂದ ಉಳಿಯಲ್ಲ, ಕಿತ್ತಿದ್ದು ಮುಂದಿನ ಹತ್ತು ವರ್ಷಕ್ಕೆ. ಬರ ಅಂತ ಗೊಬ್ಬರ ಪೂರ್ತಿ ನಿಲ್ಲಿಸಬೇಡಿ, ಹಸಿದ ಗಿಡವೇ ಕಳೆಯನ್ನು ಕರೆಯೋದು. ಆ ತುಂಡು ನೆಲಕ್ಕೆ ಮುಂದಿನ ವರ್ಷ ಕಡಲೆಕಾಯಿಯೋ ಅಲಸಂದೆಯೋ ಹಾಕಿ. ಬಾಡಿಗೆ ಟ್ರ್ಯಾಕ್ಟರ್ ಬಂದರೆ ಆ ಹೊಲವನ್ನು ಕೊನೆಗೆ ಉಳುಮೆ ಮಾಡಿಸಿ, ನೇಗಿಲಿಗೆ ಅಂಟಿದ ಮಣ್ಣು ಅಲ್ಲೇ ಕೆರೆಸಿ ಕಳಿಸಿ. ಬಂದಳಿಕೆಗೆ, ಬರೀ ಗೊಂಚಲು ಮುರಿದರೆ ಮತ್ತೆ ಚಿಗುರುತ್ತೆ. ಅದು ಕೂತ ಜಾಗದಿಂದ ಒಂದಡಿ ಹಿಂದಕ್ಕೆ ಕೊಂಬೆಯನ್ನೇ ಕಡಿಯಬೇಕು, ಹಣ್ಣಾಗೋ ಮುಂಚೆ. ಪಕ್ಕದ ತೋಟದವರೂ ಅದೇ ವಾರ ಕಡಿದರೆ ಒಳ್ಳೇದು, ಹಕ್ಕಿಗೆ ಬೇಲಿ ಗೊತ್ತಾಗಲ್ಲ ನೋಡಿ.